ಮೆಗ್ನೀಷಿಯಂ–ಆಮ್ಲ ಪ್ರಯೋಗ: ಮಡಿಕೇರಿಯಲ್ಲಿ ಅನಿಲ ಲೆಕ್ಕಕ್ಕಿಂತ ಜಾಸ್ತಿ ಯಾಕೆ?

ಕಾಫಿಹೂ: ಎಸ್ಸೆಸ್ಸೆಲ್ಸಿ ಮಕ್ಕಳಿಗೆ ತೋರಿಸುವ ಪ್ರಯೋಗ. 0.10 ಗ್ರಾಂ ಮೆಗ್ನೀಷಿಯಂ ಪಟ್ಟಿ, 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 10 ಮಿಲಿ. ಮೋಲ್‌ಗೆ 22.4 ಲೀಟರ್ ಎಂದು ಹಿಡಿದರೆ 92 ಮಿಲಿ ಹೈಡ್ರೋಜನ್ ಬರಬೇಕು. ಆದರೆ ನೀರಲ್ಲಿ ಮಗುಚಿಟ್ಟ 100 ಮಿಲಿ ಸಿಲಿಂಡರ್ ತುಂಬಿ, ಹೊರಗೂ ಗುಳ್ಳೆ ಬರ್ತಿದೆ. ತಕ್ಕಡಿ ಸರಿ ಇದೆ. ಆಮ್ಲ ಗಟ್ಟಿಯಾಗಿದೆಯಾ?

ಬೆಟ್ಟದಲ್ಯಾಬ್: ಆಮ್ಲದ ತಪ್ಪಲ್ಲ. ಅಷ್ಟು ಮೆಗ್ನೀಷಿಯಂಗೆ ಆ ಆಮ್ಲ 4.1 ಮಿಲಿ ಸಾಕು, ಮಿಕ್ಕಿದ್ದು ಹಾಗೇ ಉಳಿಯುತ್ತದೆ. ಗಟ್ಟಿಯಾದರೆ ಅನಿಲ ಬೇಗ ಬರುತ್ತದೆ, ಜಾಸ್ತಿ ಬರುವುದಿಲ್ಲ.

ಕಾರಣ ಊರಿನ ಎತ್ತರ. 22.4 ಲೀಟರ್ ಅನ್ನೋದು 0 ಡಿಗ್ರಿ, 760 ಮಿಮೀ ಪಾದರಸದ ಒತ್ತಡದ ಲೆಕ್ಕ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಮೇಲೆ. ಇಲ್ಲಿ ಒತ್ತಡ 660 ಮಿಮೀ ಆಸುಪಾಸು. ನೀರಿನ ಮೇಲೆ ಹಿಡಿದ ಅನಿಲದಲ್ಲಿ ನೀರಾವಿಯೂ ಸೇರಿರುತ್ತದೆ, 20 ಡಿಗ್ರಿಯಲ್ಲಿ ಅದರ ಪಾಲು 17.5 ಮಿಮೀ. ಹೈಡ್ರೋಜನ್‌ಗೆ ಉಳಿಯುವುದು 642.5.

92.2 × (293/273) × (760/642.5) = 117 ಮಿಲಿ

ಇದೇ ಮಕ್ಕಳಿಗೆ ತೋರಿಸಬೇಕಾದ ಪಾಠ, ದಯವಿಟ್ಟು 92ಕ್ಕೆ ತಿದ್ದಿ ಬರೆಸಬೇಡಿ. ಪಟ್ಟಿ 0.08 ಗ್ರಾಂ ತಗೊಳ್ಳಿ, 94ರ ಹತ್ತಿರ ನಿಲ್ಲುತ್ತದೆ. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ ಒತ್ತಡ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಅದನ್ನು ಹಾಕಿದರೆ ಲೆಕ್ಕ ಕೆಡುತ್ತದೆ. ಬ್ಯಾರೋಮೀಟರ್ ಅಳತೆಯೇ ಬೇಕು.

ಮಳೆಹನಿ: ಓದುವ ಮುಂಚೆ ಸಿಲಿಂಡರ್ ಒಳಗಿನ, ಹೊರಗಿನ ನೀರಿನ ಮಟ್ಟ ಸಮ ಮಾಡಿ. ಒಳಗೆ 10 ಸೆಂಮೀ ಎತ್ತರ ಉಳಿದರೆ ಶೇ. 1ರಷ್ಟು ಜಾಸ್ತಿ ಕಾಣುತ್ತದೆ. ಫ್ಲಾಸ್ಕ್ ಬಿಸಿಯಾಗಿರುತ್ತದೆ, ಪೂರ್ತಿ ತಣಿಯಲಿ. ನಮ್ಮ ಮಳೆಗಾಲದ ಥಂಡಿಗೆ ಪಟ್ಟಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಬೆಳ್ಳಗೆ ಹೊಳೆಯುವವರೆಗೆ ಮರಳು ಕಾಗದದಲ್ಲಿ ಉಜ್ಜಿ, ಆಮೇಲೆ ತೂಗಿ.

ಕಾಫಿಹೂ: ಒತ್ತಡ ತಲೆಗೇ ಹೊಳೆದಿರಲಿಲ್ಲ! ಪ್ರತ್ಯಾಮ್ಲದಿಂದ ಹೈಡ್ರೋಜನ್ ಬರುವುದನ್ನು ತೋರಿಸಲು ಸತುವೇ ಬೇಕಾ, ಅಲ್ಯೂಮಿನಿಯಂ ಆಗುತ್ತಾ?

ಬೆಟ್ಟದಲ್ಯಾಬ್: ಸತುವಿಗೆ ಸೋಡಿಯಂ ಹೈಡ್ರಾಕ್ಸೈಡ್ ಕಾಯಿಸಬೇಕು, ಅಲ್ಯೂಮಿನಿಯಂ ತಣ್ಣಗಿದ್ದರೂ ನಡೆಯುತ್ತದೆ. ಫಾಯಿಲ್ 0.06 ಗ್ರಾಂ, 2 ಮೋಲಾರ್ ದ್ರಾವಣ (100 ಮಿಲಿಗೆ 8 ಗ್ರಾಂ) 10 ಮಿಲಿ. ಇಲ್ಲಿ ಸುಮಾರು 95 ಮಿಲಿ ಬರುತ್ತದೆ. ಮೊದಲು ಏನೂ ಆಗದಂತೆ ಕಾಣುತ್ತದೆ: ಮೇಲಿನ ಆಕ್ಸೈಡ್ ಪೊರೆ ಕರಗಬೇಕು. ಆಮೇಲೆ ದ್ರಾವಣ ಬಿಸಿಯೇರಿ ರಭಸ ಹೆಚ್ಚುತ್ತದೆ. ಆಗಲಿಲ್ಲ ಅಂತ ಇನ್ನೊಂದು ತುಂಡು ಹಾಕಿದರೆ ನೊರೆ ಉಕ್ಕಿ ನಳಿಕೆಗೇ ನುಗ್ಗುತ್ತದೆ. ಕನ್ನಡಕ ಹಾಕಿಸಿ, ನಳಿಕೆಯ ದಾರಿ ಎಂದೂ ಮುಚ್ಚಬೇಡಿ.

ಮಳೆಹನಿ: ಸೋಡಿಯಂ ಹೈಡ್ರಾಕ್ಸೈಡ್ ಹರಳು ಜುಲೈನಲ್ಲಿ ತಕ್ಕಡಿ ಮೇಲೇ ನೀರೊಡೆಯುತ್ತದೆ. ಡಬ್ಬಿ ತೆರೆದ ಕೂಡಲೇ ತೂಗಿ, ಕರಗಿಸಿ, ಪ್ಲಾಸ್ಟಿಕ್ ಬಾಟಲಿಗೆ ಹಾಕಿಡಿ.