ಅಪ್‌ಡೇಟ್: ಕೊ ಫಂಗಾನ್ ದ್ವೀಪ, ಮನೆವಾಸ ಮತ್ತು ಫುಲ್ ಮೂನ್ ಪಾರ್ಟಿ

ಬೆಳಗಾವಿಯಿಂದ ಹೊರಟು ಥಾಯ್ಲೆಂಡಿನ ಕೊ ಫಂಗಾನ್‌ನಲ್ಲಿ ಸ್ಥಳೀಯರ ಮನೆಯಲ್ಲೇ ಉಳಿದು, ಹುಣ್ಣಿಮೆ ರಾತ್ರಿ ಬೀಚಿನಲ್ಲಿ ನಡೆಯುವ ಫುಲ್ ಮೂನ್ ಪಾರ್ಟಿಗೂ ಹೋಗಬಹುದಾ ಅಂತ ಕೇಳಿದ್ದೆ. ಆಗುತ್ತದೆ, ಆದರೆ ಮನೆ ಎಲ್ಲಿದೆ ಅನ್ನೋದೇ ಮುಖ್ಯ. ಪಾರ್ಟಿ ನಡೆಯೋದು ಆಗ್ನೇಯ ತುದಿಯ ಹಾದ್ ರಿನ್‌ನಲ್ಲಿ. ಅಲ್ಲೇ ರೂಮ್ ಹಿಡಿದರೆ ಬೆಳಗಿನ ತನಕ ನಿದ್ದೆ ಇಲ್ಲ. ಬಂದರಿನ ಊರು ಥಾಂಗ್ ಸಾಲಾ ಅಥವಾ ಉತ್ತರದ ಮೀನುಗಾರರ ಹಳ್ಳಿ ಚಾಲೋಕ್ಲಮ್ ವಾಸಕ್ಕೆ ವಾಸಿ.

ದ್ವೀಪದಲ್ಲಿ ವಿಮಾನ ನಿಲ್ದಾಣವಿಲ್ಲ. ಮುಖ್ಯ ಭೂಭಾಗದ ಸೂರತ್ ಥಾನಿ ಪ್ರಾಂತ್ಯದ ಡಾನ್‌ಸಾಕ್ ಬಂದರಿನಿಂದ ದೊಡ್ಡ ಫೆರ್ರಿಗೆ ಸುಮಾರು ಎರಡೂವರೆ ತಾಸು. ಸಂಜೆಯ ನಂತರ ಫೆರ್ರಿ ಸಿಗೋದು ಕಷ್ಟ, ಹಾಗಾಗಿ ಸೂರತ್ ಥಾನಿಗೆ ಬೆಳಗಿನ ವಿಮಾನವನ್ನೇ ಹಿಡಿಯಿರಿ. ಥಾಯ್ಲೆಂಡಿನ ಡಿಜಿಟಲ್ ಆಗಮನ ಕಾರ್ಡನ್ನು ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದು ಪೂರ್ತಿ ಉಚಿತ, ದುಡ್ಡು ಕೇಳುವ ಸೈಟ್‌ಗೆ ಹೋಗಬೇಡಿ.

ಸ್ಕೂಟರ್ ವಿಷಯ ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಹಾದ್ ರಿನ್ ರಸ್ತೆಯಲ್ಲಿ ಕಡಿದಾದ ಏರಿಳಿತ, ಮರಳು ಬಿದ್ದ ತಿರುವು. ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಆರ್‌ಟಿಓದಿಂದ ಬೈಕ್‌ಗೂ ಸೇರಿದ ಅಂತರರಾಷ್ಟ್ರೀಯ ಪರವಾನಗಿ ಇಲ್ಲದಿದ್ದರೆ ವಿಮೆಯವರು ಕ್ಲೇಮ್ ತಿರಸ್ಕರಿಸಬಹುದು. ಪಾರ್ಟಿ ರಾತ್ರಿ ಹಂಚಿಕೊಂಡು ಹೋಗುವ ಸಾಂಗ್‌ಥಾವ್ ಟ್ಯಾಕ್ಸಿಯೇ ಸರಿ. ಬೀಚಿನ ಮರಳಲ್ಲಿ ಗಾಜಿನ ಚೂರಿರುತ್ತವೆ, ಚಪ್ಪಲಿ ಬೇಡ, ಶೂ ಹಾಕಿ. ಬಕೆಟ್‌ನಲ್ಲಿ ಕೊಡುವ ಮದ್ಯ ಕಣ್ಣೆದುರೇ ಬೆರೆಸಿದ್ದಾಗಿರಲಿ, ಕುಡಿದು ಸಮುದ್ರಕ್ಕಿಳಿಯಲೇಬೇಡಿ. ಹುಣ್ಣಿಮೆ ಬೌದ್ಧ ಹಬ್ಬದ ದಿನ ಬಂದರೆ ಪಾರ್ಟಿ ಒಂದೆರಡು ದಿನ ಆಚೀಚೆ ಆಗುತ್ತದೆ, ಟಿಕೆಟ್‌ಗೆ ಮುಂಚೆ ನೋಡಿ.

ಸಸ್ಯಾಹಾರಿಗಳು ಥಾಯ್ ಭಾಷೆಯಲ್ಲಿ "ಕಿನ್ ಜೇ" (ಮಾಂಸ, ಮೀನು ಏನೂ ತಿನ್ನಲ್ಲ) ಅನ್ನಿ. ಇಲ್ಲದಿದ್ದರೆ ಬರೀ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದರೆ ನೀವು ಉಳಿಯುವ ಮನೆಯವರಿಗೂ ಕೊಡಿ, ಪಾದರಕ್ಷೆ ಹೊಸ್ತಿಲ ಹೊರಗೇ ಬಿಡಿ.