ಕೊನೆಗೂ ಆ ಹಾರ್ಡ್ ಡಿಸ್ಕ್ ಯಾರ ಹತ್ತಿರ ಇದೆ?

‘ವಿಂಡೋಸ್ 10 ಇರುವ ಎಲ್ಲಾ ಕಂಪ್ಯೂಟರ್‌ಗಳು ಅಕ್ಟೋಬರ್ 14ಕ್ಕೆ ತಾನಾಗಿಯೇ ಬಂದ್ ಆಗಲಿವೆ. ಒಳಗಿನ ಫೋಟೋ, ಕಾಗದಪತ್ರ ಎಲ್ಲಾ ಅಳಿಸಿಹೋಗುತ್ತವೆ. ದಿನಾ ಡಿಫ್ರ್ಯಾಗ್ ಮಾಡಿ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ರಿಫ್ರೆಶ್ ಒತ್ತಿ. ಬಂಧುಗಳಿಗೆಲ್ಲ ತಪ್ಪದೆ ತಿಳಿಸಿ.’

ಇದನ್ನು ನಮ್ಮ ಬಳಗದ ಗುಂಪಿಗೆ ಹಾಕಿದ್ದು ಡೊಂಬಿವಲಿಯ ದೊಡ್ಡಪ್ಪ. ಹಾಕಿದ್ದು ಡಿಸೆಂಬರ್‌ನಲ್ಲಿ. ಅದೂ ವಿಂಡೋಸ್ 10 ಇರುವ ತಮ್ಮದೇ ಕಂಪ್ಯೂಟರಿನಿಂದ, ವಾಟ್ಸಾಪ್ ವೆಬ್ ತೆರೆದು. ಮೂರು ಜನ ಕೈಮುಗಿದರು. ಒಬ್ಬರು ಗುಡ್ ಮಾರ್ನಿಂಗ್ ಅಂದರು. ತಾರೀಕು ಯಾರೂ ನೋಡಲಿಲ್ಲ.

ನೋಡಿದ್ದು ಪಣಜಿಯ ತಂಗಿ ಒಬ್ಬಳೇ. ಅವಳು ಯಾವತ್ತೂ ಹಾಗೆಯೇ.

ತಂಗಿ: ದೊಡ್ಡಪ್ಪ, ಇದು ಎಲ್ಲಿಂದ ಬಂತು? ಬರೆದದ್ದು ಯಾರು?

ದೊಡ್ಡಪ್ಪ: ನಮ್ಮ ಸೊಸೈಟಿ ಗುಂಪಲ್ಲಿ. ಸೆಕ್ರೆಟರಿಯೇ ಹಾಕಿದ್ದು.

ತಂಗಿ: ಸೆಕ್ರೆಟರಿಗೆ ನೀರಿನ ಟ್ಯಾಂಕರ್ ಯಾವಾಗ ಬರುತ್ತೆ ಅಂತ ಗೊತ್ತಿರಬಹುದು. ಅಕ್ಟೋಬರ್ 14 ಹೋಗಿ ಎರಡು ತಿಂಗಳಾಯ್ತು. ನಿಮ್ಮ ಕಂಪ್ಯೂಟರ್ ಬಂದ್ ಆಗಿದ್ದರೆ ಈ ಮೆಸೇಜ್ ಬರುತ್ತಿತ್ತಾ?

ದೊಡ್ಡಪ್ಪ: ಹಿರಿಯರು ಒಳ್ಳೆಯದಕ್ಕೇ ಹೇಳುವುದು. ಈಗಿನವರಿಗೆ ಎಲ್ಲದಕ್ಕೂ ಸಾಕ್ಷಿ ಬೇಕು.

ತಂಗಿ ಹೇಳುವುದು ಸರಿಯೇ ಇರುತ್ತದೆ. ಹೇಳುವ ಧಾಟಿಗೆ ಮಾತ್ರ ಎದುರಿನವರು ಮತ್ತಷ್ಟು ಗಟ್ಟಿ ಕೂತುಬಿಡುತ್ತಾರೆ. ಅವಳು ಉದ್ದಕ್ಕೆ ಬರೆದಳು. 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಅಪ್‌ಡೇಟ್ ಮಾತ್ರ, ಕಂಪ್ಯೂಟರ್ ನಡೆಯುತ್ತದೆ, ಫೋಟೋ ಎಲ್ಲೂ ಹೋಗುವುದಿಲ್ಲ, ಆದರೆ ಹೊಸದಾಗಿ ವೈರಸ್ ನುಗ್ಗುವಂಥ ತೂತು ಏನಾದರೂ ಕಂಡರೆ ಮುಚ್ಚುವವರು ಇಲ್ಲ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರ ತನಕ ಒಂದು ವರ್ಷ ಹೆಚ್ಚಿಗೆ ಕೊಟ್ಟಿದ್ದಾರೆ, ಅದಕ್ಕೆ ವಿಂಡೋಸ್ ಅಪ್‌ಡೇಟ್ ತೆರೆದು ನಾವೇ ಹೆಸರು ಸೇರಿಸಬೇಕು.

ದೊಡ್ಡಪ್ಪ: ಅಂದ್ರೆ ಮೆಸೇಜ್ ಸರಿ ಇದೆ ಅಂತಾಯ್ತು.

ತಂಗಿ: ಎಲ್ಲಿ ಸರಿ ಇದೆ?! ರಿಫ್ರೆಶ್ ಒತ್ತಿದರೆ ಪರದೆ ಮೇಲಿರೋದನ್ನೇ ಇನ್ನೊಮ್ಮೆ ತೋರಿಸುತ್ತೆ, ಅಷ್ಟೇ. ವೇಗ ಗೀಗ ಏನೂ ಬರಲ್ಲ. ಇನ್ನು ಡಿಫ್ರ್ಯಾಗ್, ಅದು ತಿರುಗುವ ಹಳೇ ಡಿಸ್ಕಿಗೆ. ತುಂಡು ತುಂಡಾಗಿ ಬಿದ್ದಿರೋ ಫೈಲನ್ನು ಒಟ್ಟು ಮಾಡೋದು. ನಿಮ್ಮದಕ್ಕೆ ನಾನೇ ಎಸ್‌ಎಸ್‌ಡಿ, ಅಂದ್ರೆ ಚಿಪ್ ಇರೋ ಡಿಸ್ಕ್, ಹಾಕಿಸಿದ್ದೇನೆ, ಅದರಲ್ಲಿ ತಿರುಗೋದೇ ಏನೂ ಇಲ್ಲ. ದಿನಾ ಮಾಡಿದರೆ ಸುಮ್ನೆ ಬರೆದು ಬರೆದು ಅದರ ಆಯುಸ್ಸು ಸವೆಯುತ್ತೆ.

ದೊಡ್ಡಪ್ಪ: ಹಾಕಿಸಿದ್ದು ನೀನು. ದುಡ್ಡು ಕೊಟ್ಟದ್ದು ನಾನು.

ಇಲ್ಲಿಗೆ ನಿಲ್ಲಬಹುದಿತ್ತು. ಥಾಣೆಯ ಸಣ್ಣಣ್ಣ ಎದ್ದ.

ಸಣ್ಣಣ್ಣ: 2002ರ ಕರಡಿಮರಿ ನೆನಪುಂಟಾ ಮಾರ್ರೆ? ಕರಡಿ ಚಿತ್ರ ಇರುವ ಫೈಲ್ ಇದ್ದರೆ ಅದು ವೈರಸ್, ಕೂಡಲೇ ಅಳಿಸಿ ಅಂತ ಇಮೇಲ್. ಅದನ್ನೂ ದೊಡ್ಡಪ್ಪನೇ ಕಳಿಸಿದ್ದು 😂

ಅದು ವಿಂಡೋಸ್‌ನದೇ ಫೈಲ್ ಆಗಿತ್ತು. ವೈರಸ್ ಅಲ್ಲ, ಗಿರಸ್ ಅಲ್ಲ. ಆ ಇಮೇಲ್ ನಂಬಿ ಊರೂರಲ್ಲಿ ಜನ ತಮ್ಮ ಕೈಯಾರೆ ಅಳಿಸಿಕೊಂಡರು, ನಮ್ಮ ಮನೆಯವರೂ ಸೇರಿ. ದೊಡ್ಡಪ್ಪ ‘ಆಗ ಎಲ್ಲರೂ ಕಳಿಸಿದ್ದರು’ ಅಂದರು. ಅದೂ ನಿಜ.

ಸಣ್ಣಣ್ಣನಿಗೆ ಒಮ್ಮೆ ಶುರುವಾದರೆ ಆಯ್ತು. ಡಯಲ್ ಅಪ್ ಶಬ್ದ, 1.44 ಎಂಬಿಯ ಫ್ಲಾಪಿ, ಕಂಪ್ಯೂಟರಿಗೆ ಹೊದಿಸುತ್ತಿದ್ದ ಹೂವಿನ ಬಟ್ಟೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ ಕೋಣೆ. ಕೊನೆಗೆ 2005ರ ಜುಲೈ 26ಕ್ಕೆ ಬಂದು ನಿಂತ. ಆವತ್ತು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಚಿಕ್ಕಪ್ಪನವರು ಆಗ ಅಲ್ಲೇ ಕಲೀನಾದಲ್ಲಿ ಕೆಳಗಿನ ಮನೆಯಲ್ಲಿದ್ದರು. ನೀರು ಒಳಗೆ ಬಂದಾಗ ಚಿಕ್ಕಪ್ಪ ಮೊದಲು ಎತ್ತಿ ಅಟ್ಟಕ್ಕೆ ಇಟ್ಟದ್ದು ಸಿಪಿಯು.

ಚಿಕ್ಕಮ್ಮ: ಅಕ್ಕಿ ಚೀಲ ನೀರಲ್ಲಿ. ನನ್ನ ಸೀರೆ ನೀರಲ್ಲಿ. ಡಬ್ಬ ಮಾತ್ರ ಅಟ್ಟದಲ್ಲಿ.

ಚಿಕ್ಕಪ್ಪ: ಅದರಲ್ಲಿ ಮಗಳ ನಾಮಕರಣದ ಫೋಟೋ ಇತ್ತು.

ಚಿಕ್ಕಮ್ಮ: ಈಗ ಎಲ್ಲಿವೆ ಅವು?

ಚಿಕ್ಕಪ್ಪ ಆಫ್‌ಲೈನ್ ಹೋದರು.

ನನ್ನ ಪ್ರಕಾರ ಆವತ್ತಿಡೀ ಕೇಳಬೇಕಾದ್ದು ಇದೊಂದೇ ಪ್ರಶ್ನೆ. ವಿಂಡೋಸ್ ಯಾವುದಾದರೇನು, ಫೋಟೋ ಎಲ್ಲಿವೆ? ಮುಲುಂಡಿನ ಅಣ್ಣ ‘ನಮ್ಮದೆಲ್ಲಾ ಗೂಗಲ್‌ನಲ್ಲಿದೆ’ ಅಂತ ಹೆಬ್ಬೆಟ್ಟು ಹಾಕಿದ. ತಂಗಿ ಬಿಡುತ್ತಾಳಾ. 2021ರ ಜೂನ್ 1ರಿಂದ ಅಲ್ಲಿ ಮೊದಲಿನ ಹಾಗೆ ಫೋಟೋ ಎಷ್ಟು ಬೇಕಾದರೂ ತುಂಬಲು ಬರುವುದಿಲ್ಲ, ಮೇಲ್, ಡ್ರೈವ್ ಎಲ್ಲಾ ಸೇರಿ 15 ಜಿಬಿ, ತುಂಬಿದ ಮೇಲೆ ಹೊಸ ಫೋಟೋ ಹೋಗುವುದೇ ನಿಂತಿರುತ್ತದೆ, ತೆರೆದು ನೋಡಿದ್ದೀಯಾ ಎಂದಳು. ಜೊತೆಗೆ ಫೋನಿನಲ್ಲಿ ಜಾಗ ಮಾಡಲು ಗೂಗಲ್ ಫೋಟೋಸ್ ಆ್ಯಪ್‌ನೊಳಗೇ ಫೋಟೋ ಅಳಿಸಿದರೆ ಗೂಗಲ್‌ನಲ್ಲಿರುವುದೂ ಕಸದ ಬುಟ್ಟಿಗೆ ಹೋಗುತ್ತದೆ, 60 ದಿನ ಕಳೆದರೆ ಅಲ್ಲಿಂದಲೂ ಮಾಯ. ಅಣ್ಣ ಆಮೇಲೆ ಏನೂ ಬರೆಯಲಿಲ್ಲ. ತೆರೆದು ನೋಡಿದ ಅಂತ ಕಾಣುತ್ತದೆ.

ಆಗ ಪುಣೆಯ ಭಾವ ಬಂದರು. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಹಾಗಾಗಿ ಕೊನೆಯ ಮಾತು ಅವರದೇ ಅಂತ ಲೆಕ್ಕ.

ಭಾವ: ನಾನು ಅಪ್‌ಡೇಟ್ ಎಲ್ಲಾ ಆಫ್ ಮಾಡಿ ವರ್ಷಗಳಾಯ್ತು. ಸ್ಲೋ ಮಾಡುತ್ತೆ. ಒಂದು ಹಾರ್ಡ್ ಡಿಸ್ಕ್ ಸದಾ ಚುಚ್ಚಿಟ್ಟಿರ್ತೇನೆ, ಮುಗೀತು.

ತಂಗಿ: 2017ರ ಮೇಯಲ್ಲಿ ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಬಂತಲ್ಲ ಭಾವ, ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹೊಡೆತ ತಿಂದದ್ದು ಹಾಕಿಕೊಳ್ಳದವರು. ಅಂಥದ್ದು ಒಳಗೆ ಬಂದರೆ ಚುಚ್ಚಿಟ್ಟ ಡಿಸ್ಕಿಗೂ ಬೀಗ ಹಾಕುತ್ತೆ. ಕಾಪಿ ಮಾಡಿ ತೆಗೆದಿಡಬೇಕು.

ಭಾವ ಉತ್ತರ ಟೈಪ್ ಮಾಡುತ್ತಿದ್ದರು. ಅಷ್ಟರಲ್ಲಿ ಮುಲುಂಡಿನ ಅತ್ತಿಗೆ.

ಅತ್ತಿಗೆ: ಹಾರ್ಡ್ ಡಿಸ್ಕ್ ಅಂದ ಕೂಡಲೇ ನೆನಪಾಯ್ತು ಭಾವ. ನಮ್ಮ ಮದುವೆ ಫೋಟೋ ಇದ್ದ ಡಿಸ್ಕ್, ಕಾಪಿ ಮಾಡಿ ಕೊಡ್ತೇನೆ ಅಂತ ತಗೊಂಡು ಹೋದ್ರಲ್ಲ. ಚುಚ್ಚಿಟ್ಟಿರೋದು ಅದೇ ಅಲ್ವಾ?

ಭಾವ: ಅದನ್ನು ಆವಾಗಲೇ ವಾಪಸ್ ಕೊಟ್ಟಿದ್ದೇನೆ. ಉಪನಯನಕ್ಕೆ ಬಂದಾಗ ಮಡಗಾಂವ್‌ನಲ್ಲಿ ಚಿಕ್ಕಮ್ಮನ ಕೈಗೆ.

ಅತ್ತಿಗೆ: ನಮ್ಮ ಡಿಸ್ಕ್ ಚಿಕ್ಕಮ್ಮನಿಗೆ ಯಾಕೆ ಕೊಟ್ಟಿರಿ?

ದೊಡ್ಡಪ್ಪ: ನಮ್ಮ ಕಾಲದಲ್ಲಿ ಆಲ್ಬಮ್ ಇರುತ್ತಿತ್ತು. ಈ ಜಗಳವೇ ಇರಲಿಲ್ಲ.

ಸಣ್ಣಣ್ಣ: ಅಜ್ಜಿಯ ಮದುವೆ ಆಲ್ಬಮ್ ಗೆದ್ದಲು ತಿಂದದ್ದು ಮರೆತಿರಾ?

ದೊಡ್ಡಪ್ಪ: ಗೆದ್ದಲು ತಿಂದದ್ದು ಯಾರ ಮನೆಯಲ್ಲಿ ಅಂತಲೂ ಹೇಳು.

ಅಲ್ಲಿಂದ ಊರಿನ ಮನೆ ರಿಪೇರಿಗೆ ಯಾರೆಷ್ಟು ಕೊಟ್ಟರು ಅಂತ ಮಧ್ಯಾಹ್ನದ ಊಟದ ತನಕ ನಡೆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಊಟವಾದ ಮೇಲೆ ಚಿಕ್ಕಮ್ಮ ಒಂದು ಫೋಟೋ ಹಾಕಿದರು. ಕಪ್ಪು ಡಬ್ಬಿ, ವೈರ್ ಸುತ್ತಿದ್ದು, ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ.

ಚಿಕ್ಕಮ್ಮ: ಇದಾ? ನಾನು ಯಾರದ್ದೋ ಚಾರ್ಜರ್ ಅಂತ ಎತ್ತಿಟ್ಟಿದ್ದೆ. ಟಿವಿಗೆ ಚುಚ್ಚಿ ನೋಡ್ತೇನೆ ಇರಿ.

ತಂಗಿ: ಅಮ್ಮಾ ಬೇಡ!! ಕೆಲವು ಟಿವಿ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತೆ. ಓಕೆ ಒತ್ತಿದರೆ ಎಲ್ಲಾ ಖಾಲಿ. ಎಷ್ಟು ಮಳೆಗಾಲ ಅಲ್ಲೇ ಕೂತಿತ್ತೋ, ಶೀತ ಹಿಡಿದಿರಬಹುದು. ನಾನು ಶನಿವಾರ ಬಂದು ಲ್ಯಾಪ್‌ಟಾಪಿಗೆ ಹಾಕಿ ನೋಡ್ತೇನೆ. ಟಕ್ ಟಕ್ ಅಂತ ಶಬ್ದ ಬಂದರೆ ಕೂಡಲೇ ತೆಗೆಯಬೇಕು, ಮತ್ತೆ ಮತ್ತೆ ಹಾಕಿದರೆ ಇದ್ದದ್ದೂ ಹೋಗುತ್ತೆ.

ಶನಿವಾರ ತೆರೆಯಿತು. ಮದುವೆಯದ್ದು ಪೂರ್ತಿ ಇತ್ತು, ನಾಮಕರಣದ್ದೂ ಇತ್ತು. ಯಾರು ಯಾವಾಗ ತುಂಬಿದ್ದೋ ಗೊತ್ತಿಲ್ಲ, ಭಾವ ‘ನಾನೇ’ ಅಂದರು, ಯಾರೂ ನಂಬಲಿಲ್ಲ. ತಂಗಿ ಒಂದು ಲೆಕ್ಕ ಹಾಕಿದಳು. ಒಟ್ಟು ಮೂರು ಕಾಪಿ, ಎರಡು ಬೇರೆ ಬೇರೆ ಥರದ ಜಾಗದಲ್ಲಿ, ಒಂದಂತೂ ಬೇರೆ ಊರಲ್ಲೇ ಇರಬೇಕು, ಕಲೀನಾದಲ್ಲಿ ಬಂದ ಹಾಗೆ ನೀರು ಬಂದರೂ ಎಲ್ಲಾ ಒಟ್ಟಿಗೆ ಹೋಗಬಾರದು. ಒಂದು ಅವಳ ಲ್ಯಾಪ್‌ಟಾಪಿನಲ್ಲಿ, ಒಂದು ದುಡ್ಡು ಕೊಟ್ಟ ಕ್ಲೌಡಿನಲ್ಲಿ. ಇನ್ನೊಂದಕ್ಕೆ ಹೊಸ ಡಿಸ್ಕನ್ನು ಸಣ್ಣಣ್ಣ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ತರುವುದು, ಊರಿಗೆ ಹೋಗುವಾಗ ಮಡಗಾಂವ್‌ನಲ್ಲಿ ಇಳಿದು ತುಂಬಿಸಿಕೊಳ್ಳುವುದು, ವಾಪಸ್ ಮತ್ಸ್ಯಗಂಧ ರೈಲಿನಲ್ಲಿ ತರುವುದು.

ಸಣ್ಣಣ್ಣ: ತಂದು ಯಾರ ಮನೆಯಲ್ಲಿ ಇಡೋದು?

ದೊಡ್ಡಪ್ಪ: ನಮ್ಮಲ್ಲಿ ಬೀರು ಇದೆ.

ಭಾವ: ನಾನು ನೋಡ್ಕೋತೇನೆ ಬೇಕಾದ್ರೆ.

ಅತ್ತಿಗೆ: ಎಲ್ಲಿ ಬೇಕಾದರೂ ಇಡಿ. ಪುಣೆಗೆ ಮಾತ್ರ ಬೇಡ.