ಸಹಾಯ ಬೇಕು: ಫ್ರಾನ್ಸ್‌ನ ನಿವರ್ನೆ ಕಾಲುವೆ ದಂಡೆಯಲ್ಲಿ ನಡೆದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ನಾನು, ಅಕ್ಕ ಬರ್ಗಂಡಿಗೆ ಹೊರಟಿದ್ದೇವೆ. ಓಸೇರ್‌ನಿಂದ ಕ್ಲಾಮ್ಸಿವರೆಗೆ ಕಾಲುವೆ ದಂಡೆಯಲ್ಲೇ ನಡೆದು, ಆಮೇಲೆ ಮೊರ್ವಾನ್ ಕಾಡಿಗೆ ಹೋಗುವ ಆಸೆ. ಹಿಂದೆ ಆ ಕಾಡಿನ ಸೌದೆ ಹೊಳೆಯಲ್ಲಿ ತೇಲಿಕೊಂಡೇ ಪ್ಯಾರಿಸ್ ಸೇರುತ್ತಿತ್ತು. ಆ ಜಾಗ ನೋಡಲೇಬೇಕು ನಮಗೆ.

ಕಾಲುವೆ ಹಾದಿ ಸಮತಟ್ಟು, ಅದರ ಚಿಂತೆ ಇಲ್ಲ. ಕಾಡಿನದೇ ಭಯ. ಅದು ಬೇಟೆಯ ಕಾಲ. ‘ಬೇಟೆ ನಡೆಯುತ್ತಿದೆ’ ಎಂಬ ಫಲಕ ಕಂಡರೆ ವಾಪಸ್ ಬರಬೇಕಾ? ಅಥವಾ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಮರದ ಮೇಲೆ ದಾರಿ ತೋರಿಸಲು ಬಳಿದಿರುವ ಕೆಂಪು-ಬಿಳಿ ಪಟ್ಟಿ ನೋಡುತ್ತಾ ಮುಂದೆ ಹೋಗಬಹುದಾ?

ಭಾನುವಾರ ಮಧ್ಯಾಹ್ನ ಹಳ್ಳಿ ಅಂಗಡಿಗಳು ಮುಚ್ಚಿರುತ್ತವೆ ಅಲ್ವಾ, ಊಟಕ್ಕೆ ಏನು ಮಾಡಿದಿರಿ? ಅಕ್ಕ ಮೊಟ್ಟೆಯನ್ನೂ ತಿನ್ನುವುದಿಲ್ಲ. ಆ ಕಡೆ ನಡೆದವರು ದಯವಿಟ್ಟು ತಿಳಿಸಿ.